ಬಾಗಿಲು ಹಾಕಿದ್ದಕ್ಕೆ ಬಂತು

ನಮ್ಮ ಹಳೇ ಟ್ರಕ್ಕು ನಿಂತಲ್ಲೆಲ್ಲ ನೆಲಕ್ಕೊಂದು ಎಣ್ಣೆಬೊಟ್ಟು ಇಟ್ಟು ಬರುತ್ತಿತ್ತು. ಸ್ಟೇರಿಂಗ್ ಬಾಕ್ಸಿನ ಅಡಿಯಲ್ಲಿರುವ ಆಯಿಲ್ ಸೀಲ್ ಹೋಗಿತ್ತು. ಬಳೆಗಿಂತ ಚಿಕ್ಕ ರಬ್ಬರ್ ಉಂಗುರ. ಬದಲಾಯಿಸಲು ಹತ್ತು ನಿಮಿಷ ಸಾಕು. ಆದರೆ ಅದಕ್ಕೆ ಅಡ್ಡಲಾಗಿ ಪಿಟ್‌ಮನ್ ಆರ್ಮ್ ಕೂತಿರುತ್ತದೆ.

ಗೇಣುದ್ದದ ಕಬ್ಬಿಣದ ತೋಳು ಅದು. ಸ್ಟೇರಿಂಗ್ ತಿರುಗಿಸಿದರೆ ಬಾಕ್ಸಿನಿಂದ ಕೆಳಗಿಳಿದ ಶಾಫ್ಟ್ ತಿರುಗುತ್ತದೆ, ಈ ತೋಳು ಎಡಕ್ಕೆ ಬಲಕ್ಕೆ ಬೀಸುತ್ತದೆ, ಚಕ್ರಗಳು ಹೇಳಿದ ಮಾತು ಕೇಳುತ್ತವೆ. ಡ್ರಾಪ್ ಆರ್ಮ್ ಅಂತಲೂ ಕರೆಯುತ್ತಾರೆ. ಹೆಸರಲ್ಲಿ ಮಾತ್ರ ಡ್ರಾಪ್.

33 ಎಂಎಂ ಪಾನಾ ಹಾಕಿ, ಅದಕ್ಕೊಂದು ಪೈಪ್ ತೂರಿಸಿ, ಆರ್ಮನ್ನು ಶಾಫ್ಟಿಗೆ ಹಿಡಿದಿದ್ದ ನಟ್ ಸಡಿಲ ಮಾಡಿದೆ. "ಅರ್ಧ ಕೆಲಸ ಆಯ್ತು!" ಅಂತ ಹೆಂಡತಿಗೆ ಕೂಗಿ ಹೇಳಿದೆ. ಹೇಳಬಾರದಿತ್ತು. ಮುಂದಿನ ಎರಡು ದಿನ ಕಿಟಕಿಯಿಂದ ಒಂದೇ ಪ್ರಶ್ನೆ: "ರೀ, ಇನ್ನರ್ಧ ಆಯ್ತಾ?"

ನಟ್ ಸಡಿಲ ಆದ ಮೇಲೆ ಆರ್ಮ್ ಬರಬೇಕಲ್ವಾ? ಬರಲ್ಲ. ಶಾಫ್ಟಿನ ತುದಿ ಕೆಳಕ್ಕೆ ಹೋದಂತೆ ಸಣ್ಣದಾಗುತ್ತದೆ, ಸುತ್ತಲೂ ಸಾಲು ಹಲ್ಲು. ನಟ್ ಬಿಗಿದಷ್ಟೂ ಆರ್ಮ್ ಮೇಲೇರಿ ಬೆಣೆ ಹೊಡೆದ ಹಾಗೆ ಕಚ್ಚಿಕೊಳ್ಳುತ್ತದೆ. ಸಾಲದ್ದಕ್ಕೆ ತುಕ್ಕು. ಅದಕ್ಕೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು. ಸಂದಿಯಲ್ಲೇ ಊದಿಕೊಂಡು ಇನ್ನಷ್ಟು ಅದುಮುತ್ತದೆ. ಒಟ್ಟಿನಲ್ಲಿ ಉಡದ ಪಟ್ಟು.

ಶಾಫ್ಟಿನ ತುದಿಗೇ ಸುತ್ತಿಗೆಯಲ್ಲಿ ಒಂದು ಬಿಡೋಣ ಅಂತ ಕೈ ತುರಿಸಿತು. ತಡೆದುಕೊಂಡೆ. ಆ ಪೆಟ್ಟು ನೇರ ಬಾಕ್ಸಿನೊಳಗಿನ ಬೇರಿಂಗ್‌ಗೆ ಹೋಗುತ್ತದೆ. ಹೊಡೆಯುವುದಾದರೆ ಆರ್ಮಿನ ಪಕ್ಕಕ್ಕೆ ಹೊಡೆಯಬೇಕು, ಆಚೆ ಪಕ್ಕ ಇನ್ನೊಂದು ಸುತ್ತಿಗೆ ಆನಿಸಿ ಹಿಡಿದಿರಬೇಕು. ಆ ಇನ್ನೊಂದು ಸುತ್ತಿಗೆ ಹಿಡಿಯಲು ತಮ್ಮನನ್ನು ಕರೆದೆ. ನನ್ನ ಮರ್ಯಾದೆ ಹೋಗಲು ಶುರುವಾಗಿದ್ದು ಅಲ್ಲಿಂದ.

"ಅಣ್ಣಾ, ಇದಕ್ಕೆ ವೆಲ್ಡಿಂಗ್ ಮಾಡಿದ್ದಾರೆ ಅನ್ಸುತ್ತೆ" ಅಂದ, ಐದನೇ ಪೆಟ್ಟಿಗೆ. ಹತ್ತನೆಯದಕ್ಕೆ ಅವನಿರಲಿಲ್ಲ.

ಹಿಂದೆ ಮರ ಕೊಯ್ಯುವಾಗ ಒಬ್ಬ ಮೇಲೆ ನಿಂತು, ಇನ್ನೊಬ್ಬ ಗುಂಡಿಯೊಳಗೆ ನಿಂತು ಉದ್ದದ ಗರಗಸ ಎಳೆಯುತ್ತಿದ್ದರಂತೆ. ಗುಂಡಿಯೊಳಗಿನವನೇ ಪಿಟ್‌ಮನ್. ಗರಗಸಕ್ಕೆ ಯಂತ್ರ ಬಂದ ಮೇಲೆ ಅವನ ಹೆಸರು ಅದನ್ನು ಎಳೆಯುವ ರಾಡಿಗೆ ಹೋಯಿತು, ಆಮೇಲೆ ಸ್ಟೇರಿಂಗಿನ ತೋಳಿಗೂ ಬಂತು. ಪಾಪ, ಅವನ ಕಣ್ಣಿಗೆ ದಿನವಿಡೀ ಮರದ ಪುಡಿ ಉದುರುತ್ತಿತ್ತು. ನನ್ನ ಕಣ್ಣಿಗೆ ತುಕ್ಕಿನ ಪುಡಿ. ಅಂಗಾತ ಮಲಗಿಕೊಂಡು ಅವನನ್ನು ತುಂಬಾ ನೆನೆದೆ.

ಪುಲ್ಲರ್ ಹಾಕಿದೆ. ಆರ್ಮನ್ನು ದವಡೆಯಲ್ಲಿ ಕಚ್ಚಿ ಹಿಡಿದು, ಬೋಲ್ಟ್ ಬಿಗಿದಂತೆ ಶಾಫ್ಟಿನಿಂದ ಕೆಳಕ್ಕೆ ಎಳೆಯುವ ಸಾಧನ ಅದು. ಬೋಲ್ಟಿಗೆ ಗ್ರೀಸ್ ಹಚ್ಚಿ ಬಿಗಿದೆ. ದವಡೆ ನಿಧಾನಕ್ಕೆ ಅಗಲವಾಗಿ, ಆರ್ಮಿನಿಂದ ಜಾರಿ, ನನ್ನ ಬೆರಳ ಗೆಣ್ಣಿನ ಚರ್ಮ ತಗೊಂಡು ಹೋಯಿತು. ತುಕ್ಕು ಬಿಡಿಸುವ ಎಣ್ಣೆ ಸುರಿದು ರಾತ್ರಿಯಿಡೀ ಬಿಟ್ಟೆ. ಮರುದಿನ ಗ್ಯಾಸ್ ಟಾರ್ಚ್. ಹೇಗೂ ಸೀಲ್ ಬದಲಾಯಿಸುವುದೇ, ಸುಟ್ಟರೆ ಸುಡಲಿ. ಆರ್ಮ್ ಮೊದಲು ಕಾದು ಹಿಗ್ಗುತ್ತದೆ, ಒಳಗಿನ ಶಾಫ್ಟ್ ಇನ್ನೂ ತಣ್ಣಗಿರುತ್ತದೆ, ಹಿಡಿತ ಸಡಿಲವಾಗುತ್ತದೆ. ಲೆಕ್ಕ ಸರಿಯಾಗಿತ್ತು. ರಾತ್ರಿ ಸುರಿದ ಎಣ್ಣೆ ಒರೆಸುವುದು ಮಾತ್ರ ಮರೆತಿದ್ದೆ.

"ರೀ, ಏನೋ ಸುಡ್ತಿದೆ!"

ಹೊಗೆ ಅಡಗಿದ ಮೇಲೆ ಮತ್ತೆ ಪುಲ್ಲರ್ ಕೂರಿಸಿ, ಮೈಯ ಭಾರವನ್ನೆಲ್ಲ ಹಾಕಿ ಬಿಗಿದೆ. ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಹಾಗೇ ಬಿಟ್ಟು ಕೈ ತೊಳೆಯಲು ಹೋದೆ.

ಆಗ ತಮ್ಮ ಬಂದ. ಕ್ಯಾಬಿನ್‌ನಲ್ಲಿ ಮರೆತ ಫೋನ್ ಬೇಕಿತ್ತಂತೆ. ತಗೊಂಡ. ಬಾಗಿಲನ್ನು ಧಡ್ ಅಂತ ಹಾಕಿದ.

ಢಮಾರ್!

ಟೈರ್ ಒಡೆಯಿತು ಅಂತ ಎಲ್ಲರೂ ಓಡಿ ಬಂದರು. ಬಗ್ಗಿ ನೋಡಿದರೆ ಆರ್ಮ್ ಕಳಚಿ ನಟ್ಟಿನ ಮೇಲೆ ಕೂತಿತ್ತು. ನಟ್ಟನ್ನು ಪೂರ್ತಿ ತೆಗೆಯದೆ ನಾಲ್ಕು ಸುತ್ತು ಬಿಟ್ಟಿದ್ದೆ. ಇಲ್ಲದಿದ್ದರೆ ಪುಲ್ಲರ್ ಸಮೇತ ಹಾರುತ್ತಿತ್ತು. ಎರಡು ದಿನದಲ್ಲಿ ನಾನು ತೋರಿಸಿದ ಒಂದೇ ಬುದ್ಧಿವಂತಿಕೆ ಅದು. ಯಾರೂ ಗಮನಿಸಲಿಲ್ಲ.

"ನಾನು ಬರೀ ಬಾಗಿಲು ಹಾಕಿದೆ, ಅಣ್ಣಾ."

ಪುಲ್ಲರ್ ಆಗಲೇ ತುದಿಗಾಲಲ್ಲಿ ಎಳೆದು ನಿಂತಿತ್ತು, ಅದಕ್ಕೊಂದು ಅದುರು ಸಾಕಿತ್ತು ಅಂತ ವಿವರಿಸಿದೆ. ಹೆಂಡತಿ ಆಗಲೇ ಅವಳ ಅಕ್ಕನಿಗೆ ಫೋನ್ ಮಾಡಿ ಬಾಗಿಲಿನ ಕಥೆ ಹೇಳುತ್ತಿದ್ದಳು.

ಸೀಲ್ ಹಾಕಲು ಹತ್ತೇ ನಿಮಿಷ ಹಿಡಿಯಿತು. ಆರ್ಮ್ ವಾಪಸ್ ಏರಿಸುವುದೂ ಸಲೀಸು. ನಮ್ಮ ಗಾಡಿಯದರಲ್ಲಿ ನಾಲ್ಕು ಅಗಲ ಹಲ್ಲುಗಳಿವೆ, ಹೆಂಗೆಂಗೋ ಕೂರುವುದಿಲ್ಲ. ಮೊದಲೇ ಗುರುತು ಹಾಕಿದ್ದರಿಂದ ಗೊಂದಲವೂ ಆಗಲಿಲ್ಲ. ಆಮೇಲೆ ನಟ್ಟನ್ನು 250 ನ್ಯೂಟನ್ ಮೀಟರ್‌ಗೆ ಬಿಗಿಯಬೇಕು. ಮೀಟರ್ ಉದ್ದದ ಪಾನಾದ ತುದಿಗೆ 25 ಕೆಜಿ ಮೂಟೆ ನೇತುಹಾಕಿದಷ್ಟು ಬಲ.

ನಾನು ಮುಕ್ಕಿರಿದು ಬಿಗಿಯುವುದನ್ನು ತಮ್ಮ ನೋಡುತ್ತಾ ನಿಂತಿದ್ದ.

"ಅಣ್ಣಾ, ಇಷ್ಟು ಬಿಗಿ ಮಾಡಿದ್ರೆ ಮುಂದಿನ ಸಲ ಬಿಚ್ಚೋರು ಯಾರು?"

"ನೀನಿದ್ದೀಯಲ್ಲಪ್ಪ," ಅಂದೆ, "ಬಾಗಿಲು ಹಾಕೋಕೆ."