ಹನ್ನೊಂದು ಗಂಟೆಗೆ ತಿರುಗಿಬಿಡಿ

ಡಿಸೆಂಬರ್ ಬಂತೆಂದರೆ ಸಾಕು, "ಪಯಸ್ವಿನಿ ಹೊಳೆಯ ಕರೆಯಲ್ಲಿ ಒಂದು ಹಗಲು ನಡೆದು ಬರ್ಲಿಕ್ಕೆ ಸುಲಭದ ದಾರಿ ಯಾವುದು?" ಎಂಬ ಪ್ರಶ್ನೆ ಶುರುವಾಗುತ್ತದೆ. ದೂರದವರು ಕೇಳುವುದು ಇರಲಿ, ಕಾಸರಗೋಡು ಪೇಟೆಯವರೂ ಕೇಳುತ್ತಾರೆ. ಏರು ಇಲ್ಲದಿದ್ದರೆ ಸುಲಭ ಎಂದು ಎಲ್ಲರ ಲೆಕ್ಕ. ಆದರೆ ಹೊಳೆಕರೆಯಲ್ಲಿ, ಅಂದರೆ ಹೊಳೆಯ ದಂಡೆಯಲ್ಲಿ, ಏರಿಗೆ ಸೋತವರು ಕಡಿಮೆ. ಹೆಚ್ಚಿನವರು ಸೋಲುವುದು ವಾಪಸು ಬರುವಾಗ.

ಯಾಕೆಂದರೆ ಮೊಬೈಲ್ ಮ್ಯಾಪ್ ನೋಡಿ, ಈಚೆ ಕರೆಯಲ್ಲಿ ಹೋಗಿ ಆಚೆ ಕರೆಯಲ್ಲಿ ಬರುವುದೆಂದು ಸುತ್ತು ಹಾಕುತ್ತಾರೆ. ಮ್ಯಾಪಿನಲ್ಲಿ ಆಚೆ ಕರೆ ಕೈಗೆಟಕುವಷ್ಟು ಹತ್ತಿರ. ಸೇತುವೆ ಮಾತ್ರ ಬೇಕಾದಲ್ಲಿ ಇರುವುದಿಲ್ಲ. ಹೊಳೆ ದಾಟುವುದು ಈ ಕಡೆ ಎಷ್ಟು ದೊಡ್ಡ ತಲೆನೋವಾಗಿತ್ತು ಎಂದರೆ, ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಇದೇ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದರು, ಆಮೇಲೆ ಅಂಥವನ್ನೇ ನೂರಕ್ಕೂ ಹೆಚ್ಚು ಕಟ್ಟಬೇಕಾಗಿ ಬಂತು. ಆದ್ದರಿಂದ ಸುತ್ತು ಬೇಡ. ಹೋದ ಕರೆಯಲ್ಲೇ ವಾಪಸು ಬನ್ನಿ. "ಇಂಥ ಜಾಗದವರೆಗೆ" ಎಂದು ಗುರಿಯನ್ನೂ ಇಟ್ಟುಕೊಳ್ಳಬೇಡಿ, ಇಂತಿಷ್ಟು ಗಂಟೆಗೆ ಎಂದು ಇಟ್ಟುಕೊಳ್ಳಿ. ಗುರಿ ಜಾಗವಾದರೆ "ಇನ್ನು ಒಂದು ತಿರುವು ಅಷ್ಟೇ" ಎನ್ನುತ್ತಾ ಮಧ್ಯಾಹ್ನ ಕಳೆದುಹೋಗುತ್ತದೆ.

ಲೆಕ್ಕ ಹೀಗೆ: ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು 7ಕ್ಕೆ ತುಸು ಮೊದಲು, ಮುಳುಗುವುದು 6.20ರ ಸುಮಾರಿಗೆ. 7.30ಕ್ಕೆ ನಡೆಯಲು ಶುರು ಮಾಡಿ. ಡಾಮರು ರಸ್ತೆಯಲ್ಲಿ ಗಂಟೆಗೆ 4–5 ಕಿ.ಮೀ. ಹೋಗುವವರು ಬೇಲಿ, ತಡಮೆ (ಬೇಲಿ ದಾಟುವ ಗಂಡಿ), ಸಂಕ (ಕಾಲುಸೇತುವೆ), ಪಂಪಿನ ಪೈಪು ದಾಟುತ್ತಾ ಹೊಳೆಕರೆಯಲ್ಲಿ 2 ಕಿ.ಮೀ. ಹೋದರೆ ಹೆಚ್ಚು. 11ಕ್ಕೆ ಎಲ್ಲಿದ್ದೀರೋ ಅಲ್ಲೇ ಬುತ್ತಿ ಬಿಚ್ಚಿ, 12ಕ್ಕೆ ಹೊರಟರೆ ದಣಿದ ಕಾಲಲ್ಲೂ ನಾಲ್ಕರೊಳಗೆ ರಸ್ತೆ ಸಿಗುತ್ತದೆ. ಕತ್ತಲಿಗೆ ಇನ್ನೂ ಎರಡು ಗಂಟೆ ಇರಬೇಕು. ಮುಳಿಯಾರು, ಕಾರಡ್ಕ, ದೇಲಂಪಾಡಿ ಕಡೆ ಆನೆ ತೋಟಕ್ಕೆ ಇಳಿಯುವುದು ಹೊಸ ಸುದ್ದಿಯಲ್ಲ, ಮುಸ್ಸಂಜೆಗೆ ಹೊಳೆಬದಿಯಲ್ಲಿ ಇರಬಾರದು. ಮಕ್ಕಳಿದ್ದರೆ ಹತ್ತಕ್ಕೇ ತಿರುಗಿ.

ಯಾವ ಭಾಗ? ಈ ಹೊಳೆ ಒಂದೇ ಹೊಳೆಯಲ್ಲ ಎಂದುಕೊಳ್ಳಿ. ಬಾವಿಕ್ಕೆರೆಯ ರೆಗ್ಯುಲೇಟರಿನಿಂದ (ಉಪ್ಪುನೀರು ತಡೆಯುವ ಅಡ್ಡಗಟ್ಟೆ) ಕೆಳಗೆ ಅದು ಸಮುದ್ರದ ಮಾತು ಕೇಳುವ ಚಂದ್ರಗಿರಿ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಂದರೆ ಕಳೆದ ಭಾನುವಾರ ಕಾಲು ಒದ್ದೆಯಾಗದೆ ನಡೆದ ಕಾಂಡ್ಲದ (ಮ್ಯಾಂಗ್ರೋವ್ ಗಿಡಗಳ) ಅಂಚಿನಲ್ಲಿ ಈ ಭಾನುವಾರ ಅದೇ ಹೊತ್ತಿಗೆ ನೀರು ನಿಂತಿರಬಹುದು. ಅಮಾವಾಸ್ಯೆ, ಹುಣ್ಣಿಮೆಯ ಸುತ್ತಮುತ್ತ ಇನ್ನೂ ಜೋರು. ಅಲ್ಲಿಗೆ ಹೋಗುವುದಾದರೆ ಇಳಿತದ ಹೊತ್ತು ನೋಡಿ ಹೊರಡಿ, ಚಂದ್ರಗಿರಿ ಕೋಟೆಯನ್ನು ಬೆಳಿಗ್ಗೆಯೇ ಮುಗಿಸಿ. ಮುರಕಲ್ಲಿನ ಮೇಲೆ ನೆರಳೆಂಬುದಿಲ್ಲ. ನೆರಳು ಬೇಕಾದವರು ಮೇಲಿನ ಪಯಸ್ವಿನಿಗೇ ಹೋಗಿ, ಅಡಿಕೆ ತೋಟದ ತಂಪು ನಡುಮಧ್ಯಾಹ್ನಕ್ಕೂ ಇರುತ್ತದೆ.

ಅಲ್ಲಿ ತಿಳಿದಿರಬೇಕಾದದ್ದು ಕಟ್ಟದ ವಿಷಯ. ಮಳೆ ನಿಂತು ನೀರು ತೆಳುವಾದ ಮೇಲೆ ಕೃಷಿಕರು ತೋಡಿಗೂ ಹೊಳೆಗೂ ಅಡ್ಡಲಾಗಿ ಕಟ್ಟ ಹಾಕುತ್ತಾರೆ. ಹಿಂದೆ ಕಲ್ಲು, ಮಣ್ಣು ಸಾಕಾಗುತ್ತಿತ್ತು, ಈಗ ಪ್ಲಾಸ್ಟಿಕ್ ಶೀಟು, ಹೊಯಿಗೆ (ಮರಳು) ತುಂಬಿದ ಚೀಲ. ಏತಡ್ಕದವರ ಕಟ್ಟಗಳು ಹೆಸರುವಾಸಿ. ಕಟ್ಟ ಬಿದ್ದೊಡನೆ ಮೇಲಿನ ದಾರಿಯೇ ಬದಲಾಗುತ್ತದೆ. ನವೆಂಬರಿನಲ್ಲಿ ನಡೆದ ಹೊಯಿಗೆಯ ದಿಣ್ಣೆ ಜನವರಿಯಲ್ಲಿ ನೀರಡಿಗೆ. ಹಳೆಯ ಫೋಟೋ, ಹಳೆಯ ವೀಡಿಯೋ ನಂಬಿ ಹೋದವರು ಬೆಪ್ಪಾಗುವುದು ಇಲ್ಲೇ.

ದಯವಿಟ್ಟು ಕಟ್ಟದ ಮೇಲೆ ನಡೆಯಬೇಡಿ. ನೋಡಲಿಕ್ಕೆ ಸಂಕದ ಹಾಗೇ ಕಾಣುತ್ತದೆ. ಶೀಟಿನ ಮೇಲೆ ತೆಳ್ಳಗೆ ಹರಿಯುವ ನೀರು, ಅದರಡಿ ಪಾಚಿ. ಕಾಲು ಜಾರುವುದು ನಿಮ್ಮದಾದರೂ ಜಾಗ ಬಿಡುವುದು ಚೀಲ. ಒಂದು ಚೀಲ ಅರ್ಧ ಅಡಿ ಸರಿದರೆ ಅದರ ಪಕ್ಕದಲ್ಲಿ ನೀರು ಬೆರಳಿನಷ್ಟು ಸೀಳಿಕೊಂಡು ಹೊರಡುತ್ತದೆ, ಹೋಗುತ್ತಾ ಮಣ್ಣನ್ನು ತೊಳೆಯುತ್ತದೆ, ಸಂಜೆಗೆ ಬೊಗಸೆಯಷ್ಟು ತೂತು. ನೀವು ಆಗ ಮನೆಯಲ್ಲಿರುತ್ತೀರಿ. ತೋಟದವರು ಮರುದಿನ ಪಂಪು ಹಾಕುವಾಗ ಪೈಪಿನ ತುದಿಯ ಫುಟ್‌ವಾಲ್ವ್ ನೀರಿನ ಬದಲು ಗಾಳಿ ಎಳೆಯುತ್ತಿರುತ್ತದೆ.

ನೀರಿಗಿಳಿಯುವ ಆಸೆ ಎಲ್ಲರಿಗೂ ಉಂಟು. ಹೊಯಿಗೆ ತೆಗೆದ ಕಡೆ ಮೊಣಕಾಲಿನ ನೀರಿನ ಪಕ್ಕದಲ್ಲೇ ಆಳು ಮುಳುಗುವ ಗುಂಡಿ ಇರುತ್ತದೆ. ಅಲುಗದ, ಕಡುಹಸಿರು ನೀರು ಕಂಡರೆ ದೂರವಿರಿ. ಬಟ್ಟೆ ಒಗೆಯುವ ಕಲ್ಲು ಸವೆದು ನುಣುಪಾಗಿರುವ ಕಡವಿನಲ್ಲಿ ಮಾತ್ರ ಕಾಲು ಅದ್ದಿ. ದಾಟಲೇಬೇಕಾದರೆ ಎದೆಮಟ್ಟದ ಕೋಲಿನಿಂದ ತಡವಿ, ಹರಿವ ನೀರು ಮೊಣಕಾಲು ಮೀರಿದರೆ ವಾಪಸು ಬನ್ನಿ. ಕಾಲಲ್ಲಿ ಗಾಯವಿದ್ದರೆ ನಿಂತ ನೀರಿಗೆ ಇಳಿಯಲೇಬೇಡಿ, ಇಲಿಜ್ವರ ತಮಾಷೆಯಲ್ಲ.

ಅಕ್ಟೋಬರ್, ನವೆಂಬರಿನಲ್ಲಿ ಹೋಗುವವರಿಗೆ ಒಂದು ಮಾತು. ಈ ನೀರು ಹುಟ್ಟುವುದು ಕೊಡಗಿನ ಘಟ್ಟದಲ್ಲಿ. ಅಲ್ಲಿ ಗುಡುಗುಮಳೆ ಹೊಡೆದರೆ ನಿಮ್ಮ ತಲೆಯ ಮೇಲೆ ಬಿಸಿಲಿರುವಾಗಲೇ ಹೊಳೆ ಏರಬಹುದು. ತಿಳಿನೀರು ಕೆಂಪಾಗುತ್ತಾ ಬಂದರೆ, ತರಗೆಲೆ, ಕಡ್ಡಿ, ನೊರೆ ಒಟ್ಟಿಗೆ ತೇಲಿ ಬಂದರೆ ಫೋಟೋ ತೆಗೆಯುತ್ತಾ ನಿಲ್ಲದೆ ಕರೆ ಹತ್ತಿ.

ಚಪ್ಪಲಿ ಬೇಡ. ಅಡಿಯಲ್ಲಿ ಹಲ್ಲಿರುವ ಹಳೆಯ ಶೂ ಸಾಕು, ಸಾವಿರಾರು ರೂಪಾಯಿಯ ಟ್ರೆಕ್ಕಿಂಗ್ ಶೂವಿಗೆ ಇಲ್ಲಿ ಕೆಲಸವಿಲ್ಲ, ಒದ್ದೆಯಾದರೆ ಒಣಗುವುದೂ ಇಲ್ಲ. ಒಂದು ಜತೆ ಒಣ ಸಾಕ್ಸ್ ಇರಲಿ. ಒಬ್ಬೊಬ್ಬರಿಗೆ ಎರಡೂವರೆ ಲೀಟರ್ ನೀರು, ಒಂದು ಲೀಟರಿಗೆ ಕಲಸುವ ಓಆರ್‌ಎಸ್ ಪ್ಯಾಕೆಟ್ ಒಂದು. ಸೆಕೆಗೆ ಬರಿ ನೀರು ಕುಡಿದರೆ ಸಂಜೆಗೆ ಮೀನಖಂಡ ಹಿಡಿದುಕೊಳ್ಳುತ್ತದೆ. ಬುತ್ತಿಗೆ ಕಾಯಿ ತುರಿದು ಹಾಕಿದ ಪಲ್ಯ ತರಬೇಡಿ, ಹನ್ನೊಂದಕ್ಕೇ ಹಳಸುತ್ತದೆ. ಹುಳಿ ಹಾಕಿದ ಚಿತ್ರಾನ್ನ, ನೇಂದ್ರ ಬಾಳೆಹಣ್ಣು, ಒಂದು ತುಂಡು ಬೆಲ್ಲ ಸಾಕು. ಮಳೆಗಾಲದ ತೇವ ಆರದಿದ್ದರೆ ಉಂಬುಳಕ್ಕೆ (ಜಿಗಣೆಗೆ) ಚಿಟಿಕೆ ಉಪ್ಪು. ಮ್ಯಾಪನ್ನು ಮೊದಲೇ ಇಳಿಸಿಕೊಳ್ಳಿ, ತಗ್ಗಿನಲ್ಲಿ ನೆಟ್‌ವರ್ಕ್ ಸಿಗುವುದು ಅದೃಷ್ಟ.

ಇನ್ನು ದಾರಿ. ಇದು ಬೋರ್ಡು ಹಾಕಿದ ಟ್ರೆಕ್ಕಿಂಗ್ ಹಾದಿಯಲ್ಲ, ಹೆಚ್ಚಿನದು ಯಾರದೋ ವರ್ಗ ಜಾಗ (ಸ್ವಂತ ಭೂಮಿ). ಮೊದಲ ಮನೆಯ ಅಂಗಳದ ಹೊರಗೇ ನಿಂತು, "ಅಕ್ಕಾ, ಹೊಳೆಕರೆಯಲ್ಲೇ ಮೇಲೆ ಹೋಗ್ಲಿಕ್ಕೆ ದಾರಿ ಉಂಟಾ?" ಎಂದು ಕೇಳಿ. ಅನುಮತಿಯ ಜತೆ ಕಟ್ಟ ಬಿದ್ದಿದೆಯೋ, ನಾಯಿ ಬಿಟ್ಟಿದ್ದಾರೋ, ಹಂದಿಗೆ ಹಾಕಿದ ಸೋಲಾರ್ ಬೇಲಿ ಎಲ್ಲಿದೆ ಎಂಬುದೂ ಆ ಒಂದೇ ಪ್ರಶ್ನೆಗೆ ಸಿಗುತ್ತದೆ. ಬೇಲಿಯ ತಂತಿ ಆಫ್ ಇರಬಹುದೆಂದು ಮುಟ್ಟಿ ನೋಡಬೇಡಿ. ತಡಮೆ ದಾಟಿದ ಮೇಲೆ ದಾರಂದದ ಗಳ (ಅಡ್ಡಕೋಲು) ತೆಗೆದಿದ್ದರೆ ಮತ್ತೆ ಹಾಕಿ, ದನ ನುಗ್ಗಿದರೆ ಮುಂದೆ ಬರುವವರಿಗೆ ದಾರಿಯಿಲ್ಲ.

ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ ಸುಳ್ಯದ ಬಸ್ಸು ಬೋವಿಕ್ಕಾನ, ಮುಳ್ಳೇರಿಯ, ಆದೂರಿನ ಮೇಲಾಗಿ ಹೋಗುತ್ತದೆ. ಬೋರ್ಡು ಮಲಯಾಳದಲ್ಲಿದ್ದರೆ ಕಂಡಕ್ಟರನ್ನೇ ಕೇಳಿ, ಕನ್ನಡದಲ್ಲೇ ಕೇಳಿ. ಇಳಿಯುವಾಗಲೇ ವಾಪಸಿನ ಕೊನೆಯ ಎರಡು ಬಸ್ಸುಗಳ ಹೊತ್ತನ್ನು ಅಂಗಡಿಯಲ್ಲಿ ವಿಚಾರಿಸಿಟ್ಟುಕೊಳ್ಳಿ. ಭಾನುವಾರ ಟ್ರಿಪ್ ಕಟ್ ಮಾಡುವ ಬಸ್ಸುಗಳಿವೆ.