ಕಂಬಿಗೆ ಒರಗಿ ನೋಡುವ ಫುಟ್‌ಬಾಲ್

ಸೀಸನ್ ನಡೆಯುವಾಗ ಶನಿವಾರ ಮಧ್ಯಾಹ್ನ 2.45ರಿಂದ 5.15ರವರೆಗೆ ಇಂಗ್ಲೆಂಡಿನ ಟೀವಿಯಲ್ಲಿ ಫುಟ್‌ಬಾಲ್ ಲೈವ್ ತೋರಿಸುವಂತಿಲ್ಲ. 1960ರ ದಶಕದಿಂದ ನಡೆದುಬಂದ ಕಟ್ಟಳೆ. ದೊಡ್ಡ ತಂಡದ ಆಟ ಮನೆಯಲ್ಲೇ ಸಿಕ್ಕಿಬಿಟ್ಟರೆ ಊರಿನ ಸಣ್ಣ ಕ್ಲಬ್ಬಿನ ಗೇಟಿಗೆ ಯಾರು ಬರುತ್ತಾರೆ ಅನ್ನುವ ಲೆಕ್ಕ ಅದರ ಹಿಂದಿದೆ. ಹಾಗಾಗಿ ಇಲ್ಲಿ ಮೂರು ಗಂಟೆಗೆ ಶುರುವಾಗುವ ಪ್ರೀಮಿಯರ್ ಲೀಗ್ ಪಂದ್ಯ ಬೆಂಗಳೂರಿನ ಸೋಫಾದಲ್ಲಿ ಕೂತವರಿಗೆ ರಾತ್ರಿ ಏಳೂವರೆಗೋ ಎಂಟೂವರೆಗೋ ಸಿಗುತ್ತದೆ, ಲಂಡನ್ನಿನಲ್ಲೇ ಇರುವ ಕನ್ನಡಿಗನಿಗೆ ಸಿಗುವುದಿಲ್ಲ. ಆ ಹೊತ್ತಿನಲ್ಲಿ ಏನು ಮಾಡಬೇಕೆಂದು ಕೇಳಿದರೆ ನನ್ನ ಉತ್ತರ ಒಂದೇ: ಹತ್ತಿರದ ನಾನ್-ಲೀಗ್ ಗ್ರೌಂಡಿಗೆ ಹೋಗಿ.

ಪ್ರೀಮಿಯರ್ ಲೀಗ್ ತುದಿಯಲ್ಲಿರುವ ಇಂಗ್ಲೆಂಡಿನ ಫುಟ್‌ಬಾಲ್ ಏಣಿಯ ಮೇಲಿನ ನಾಲ್ಕು ಹಂತಗಳಲ್ಲಿ ಒಟ್ಟು 92 ಕ್ಲಬ್ಬುಗಳಿವೆ. ಐದನೇ ಹಂತದಿಂದ ಕೆಳಗಿನದೆಲ್ಲ ನಾನ್-ಲೀಗ್. ಹೆಸರು ಕೇಳಿ ಗಲ್ಲಿ ಆಟ ಅಂದುಕೊಳ್ಳಬೇಡಿ. ಇದೂ ಅದೇ ಏಣಿಯ ಕೆಳಗಿನ ಮೆಟ್ಟಿಲು, ಗೆದ್ದವರು ಹತ್ತುತ್ತಾರೆ, ಸೋತವರು ಇಳಿಯುತ್ತಾರೆ. ಐದನೇ ಹಂತದಿಂದ ನಾಲ್ಕಕ್ಕೆ ನೇರ ಬಡ್ತಿ ಶುರುವಾದದ್ದು 1987ರಲ್ಲಿ. ಜೇಮಿ ವಾರ್ಡಿ ಎಂಟನೇ ಹಂತದ ಸ್ಟಾಕ್ಸ್‌ಬ್ರಿಜ್ ಪಾರ್ಕ್ ಸ್ಟೀಲ್ಸ್‌ನಲ್ಲಿ ಆಡುತ್ತಿದ್ದವನು, 2016ರಲ್ಲಿ ಲೆಸ್ಟರ್ ಜೊತೆ ಪ್ರೀಮಿಯರ್ ಲೀಗ್ ಗೆದ್ದ.

ಲಂಡನ್ನಿನಲ್ಲಿರುವವರು ಮೊದಲ ಸಲಕ್ಕೆ ಡಲ್ವಿಚ್ ಹ್ಯಾಮ್ಲೆಟ್ ಆರಿಸಿಕೊಳ್ಳಬಹುದು. 1893ರ ಕ್ಲಬ್ಬು, ಗುಲಾಬಿ-ನೀಲಿ ಬಣ್ಣ, 2023ರಲ್ಲಿ ಆರನೇ ಹಂತದಿಂದ ಏಳಕ್ಕೆ ಇಳಿಯಿತು. ಲಂಡನ್ ಬ್ರಿಜ್‌ನಿಂದ ಈಸ್ಟ್ ಡಲ್ವಿಚ್ ಸ್ಟೇಷನ್ನಿಗೆ ರೈಲಿನಲ್ಲಿ ಸುಮಾರು ಕಾಲು ಗಂಟೆ. ಇಳಿದು ಐದು ನಿಮಿಷ ನಡೆದರೆ ಸೂಪರ್‌ಮಾರ್ಕೆಟ್ಟಿನ ಬೆನ್ನಿಗೇ ಚಾಂಪಿಯನ್ ಹಿಲ್ ಗ್ರೌಂಡು. ಪಕ್ಕದ ರಸ್ತೆಗೆ ಎಡ್ಗರ್ ಕೇಲ್ ಹೆಸರಿಟ್ಟಿದ್ದಾರೆ. ಈ ಕ್ಲಬ್ಬಿನಲ್ಲಿದ್ದುಕೊಂಡೇ 1929ರಲ್ಲಿ ಇಂಗ್ಲೆಂಡಿಗೆ ಆಡಿದವನು. ಈಗಿನ ಸ್ಟ್ಯಾಂಡ್ 1990ರ ದಶಕದ್ದು. ಅದಕ್ಕೂ ಮೊದಲಿದ್ದ ಹಳೆಯ ಗ್ರೌಂಡಿನಲ್ಲಿ 1948ರ ಒಲಿಂಪಿಕ್ಸ್‌ನ ಪಂದ್ಯ ನಡೆದಿತ್ತು. ಅದೇ ಒಲಿಂಪಿಕ್ಸ್‌ನಲ್ಲಿ, ಲಂಡನ್ನಿನ ಇನ್ನೊಂದು ಅಂಚಿನ ಇಲ್‌ಫರ್ಡ್‌ನಲ್ಲಿ, ಬಹುಪಾಲು ಬರಿಗಾಲಲ್ಲಿ ಆಡಿದ ಭಾರತ ಫ್ರಾನ್ಸ್‌ಗೆ 2–1ರಿಂದ ಸೋತಿತು. ಭಾರತದ ಆ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಸ್ವತಂತ್ರ ಭಾರತದ ಮೊದಲ ಅಂತಾರಾಷ್ಟ್ರೀಯ ಗೋಲು.

ದೊಡ್ಡ ಕ್ಲಬ್ಬಿಗಾದರೆ ಮೊದಲು ಮೆಂಬರ್‌ಶಿಪ್, ಆಮೇಲೆ ಟಿಕೆಟ್ಟಿಗಾಗಿ ಕಂಪ್ಯೂಟರಿನ ಮುಂದೆ ಕಾಯುವುದು. ಇಲ್ಲಿ ಗೇಟಿನಲ್ಲಿ ದುಡ್ಡು ಕೊಟ್ಟು ತಿರುಗುವ ಕಂಬಿಯನ್ನು ಸೊಂಟದಿಂದ ತಳ್ಳಿದರೆ ಮುಗಿಯಿತು. ಏಳನೇ ಹಂತದಲ್ಲಿ 10ರಿಂದ 15 ಪೌಂಡು, ಒಂಬತ್ತು-ಹತ್ತನೇ ಹಂತದಲ್ಲಿ ಅದಕ್ಕಿಂತ ಕಡಿಮೆ, ಮಕ್ಕಳಿಗೆ ಬಿಡಿಗಾಸು ಅಥವಾ ಪುಕ್ಕಟೆ. ಕೆಲವು ಕಡೆ ಕಾರ್ಡ್ ಮಾತ್ರ, ಕೆಲವು ಕಡೆ ನಗದು ಮಾತ್ರ, ಎರಡೂ ಜೇಬಿನಲ್ಲಿರಲಿ. ಎರಡೂವರೆಗೆ ಒಳಗಿದ್ದರೆ ಒಳ್ಳೆಯದು. ಬೋರ್ಡಿನ ಮೇಲೆ ಎರಡೂ ತಂಡದ ಹೆಸರುಗಳನ್ನು ಅಂಟಿಸಿರುತ್ತಾರೆ, ಅದರ ಫೋಟೋ ತೆಗೆದುಕೊಳ್ಳಿ. ಈ ಹಂತದಲ್ಲಿ ಪರದೆಯ ಮೇಲೆ ಹೆಸರು ಮೂಡುವುದಿಲ್ಲ, ಗೋಲು ಹೊಡೆದವರು ಯಾರೆಂದು ಮೈಕಿನವರಿಗೇ ಕೆಲವೊಮ್ಮೆ ಗೊತ್ತಿರುವುದಿಲ್ಲ. ಟೀ ಅಂಗಡಿಯ ಸಾಲು ಅರ್ಧವಿರಾಮದಲ್ಲಿ ಉದ್ದವಾಗುವುದರಿಂದ 40ನೇ ನಿಮಿಷಕ್ಕೇ ಹೊರಡುವುದು ಜಾಣತನ. ಸಸ್ಯಾಹಾರಿಗಳು ಗಮನಿಸಿ: ಚಳಿಗೆ ಎಲ್ಲರ ಕೈಯಲ್ಲೂ ಹಬೆಯಾಡುವ ಬಾವ್ರಿಲ್ ದೂರದಿಂದ ಕಷಾಯದ ಹಾಗೆ ಕಾಣುತ್ತದೆ, ಆದರೆ ಅದು ದನದ ಮಾಂಸದ ಸಾರ. ಚಿಪ್ಸ್ ಯಾವ ಎಣ್ಣೆಯಲ್ಲಿ ಕರಿದದ್ದು ಎಂದು ಕೇಳಿಯೇ ತಗೊಳ್ಳಿ.

ನಿಲ್ಲಬೇಕಾದ ಜಾಗ ಗೋಲಿನ ಹಿಂದೆ. ಅಂಗಳದ ಸುತ್ತ ಸೊಂಟದೆತ್ತರದ ಕಂಬಿ, ಅಲ್ಲಿಂದ ಗೆರೆಗೆ ಸುಮಾರು ಎರಡು ಮೀಟರ್. ಗೋಲ್‌ಕೀಪರ್ ತನ್ನ ಡಿಫೆಂಡರುಗಳಿಗೆ ಕೂಗುವ ಪ್ರತಿ ಮಾತೂ ಕೇಳಿಸುತ್ತದೆ. ಫುಟ್‌ಬಾಲ್ ಎಷ್ಟು ಮಾತಿನ ಆಟ ಎಂಬುದು ಟೀವಿ ನೋಡಿ ಬೆಳೆದವರಿಗೆ ಇಲ್ಲಿಯೇ ತಿಳಿಯುವುದು. ತಮ್ಮ ತಂಡ ಯಾವ ಗೋಲಿನತ್ತ ದಾಳಿ ಮಾಡುತ್ತದೋ ಅದರ ಹಿಂದೆ ಅಭಿಮಾನಿಗಳು ಸೇರುತ್ತಾರೆ. ಅರ್ಧವಿರಾಮದಲ್ಲಿ ತಂಡಗಳ ದಿಕ್ಕು ಬದಲಾದಾಗ ಇವರೂ ಬ್ಯಾನರು ಬಿಚ್ಚಿಕೊಂಡು ಆ ಕಡೆಗೆ ನಡೆಯುತ್ತಾರೆ. ಎದುರಾಳಿಯ ಜನ ಅದೇ ದಾರಿಯಲ್ಲಿ ಎದುರಿಗೆ ಬರುತ್ತಾರೆ. ಟಾಸ್ ಗೆದ್ದ ನಾಯಕ ವಾಡಿಕೆಗೆ ವಿರುದ್ಧವಾಗಿ ದಿಕ್ಕು ಆರಿಸಿದರೆ ಆಟ ಶುರುವಾಗುವ ಮುಂಚೆಯೇ ಈ ಮೆರವಣಿಗೆ ಹೊರಡುತ್ತದೆ. ಎರಡು ಗುಂಪಿನ ನಡುವೆ ಬೇಲಿ ಹಾಕುವ ದೊಡ್ಡ ಪಂದ್ಯಗಳಲ್ಲಿ ಇದಕ್ಕೆ ಅವಕಾಶವಿಲ್ಲ.

ಕುಡಿಯುವವರಿಗೆ ಒಂದು ಮಾತು. 1985ರ ಕಾಯ್ದೆಯ ಪ್ರಕಾರ ಮೇಲಿನ ಐದು ಹಂತಗಳ ಪಂದ್ಯದಲ್ಲಿ ಅಂಗಳ ಕಾಣುವ ಜಾಗದಲ್ಲಿ ಮದ್ಯ ಹಿಡಿಯುವಂತಿಲ್ಲ. ಆರರಿಂದ ಕೆಳಗೆ ಕ್ಲಬ್ಬು ಒಪ್ಪಿದರೆ ಪ್ಲಾಸ್ಟಿಕ್ ಲೋಟದಲ್ಲಿ ಬಿಯರ್ ಹಿಡಿದು ಕಂಬಿಗೆ ಒರಗಬಹುದು. ಆದರೆ ಬೇರೆ ಬೇರೆ ಹಂತದ ತಂಡಗಳು ಎದುರಾಗುವ ಕಪ್ ಪಂದ್ಯಕ್ಕೆ ಆ ಮೇಲಿನ ಐದು ಹಂತದ ತಂಡ ಅತಿಥಿಯಾಗಿ ಬಂದ ದಿನ ಅದೇ ಗ್ರೌಂಡಿನಲ್ಲೂ ಮೇಲಿನವರ ನಿಯಮವೇ. ಒಂಬತ್ತನೇ ಹಂತಕ್ಕಿಳಿದರೆ ಇನ್ನೊಂದು ನೋಟವಿದೆ: ರೆಫರಿಯ ಮೇಲೆ ಬಾಯಿ ಮಾಡಿದ ಆಟಗಾರ 10 ನಿಮಿಷ ಹೊರಗೆ ನಿಲ್ಲಬೇಕು. 2019ರಿಂದ ಬಂದದ್ದು, ನನಗೆ ಕೆಂಪು ಕಾರ್ಡಿಗಿಂತ ಇದೇ ಹೆಚ್ಚು ನ್ಯಾಯವಾಗಿ ಕಾಣುತ್ತದೆ.

ಶನಿವಾರದ ಯೋಜನೆ ಕೆಡುವುದು ಬಹುತೇಕ ಹವೆಯಿಂದ. ಲಂಡನ್ನಿನ ನೆಲ ಜೇಡಿ, ನೀರು ಬೇಗ ಇಂಗುವುದಿಲ್ಲ. ನವೆಂಬರಿನಿಂದ ಫೆಬ್ರವರಿವರೆಗೆ ಬೆಳಿಗ್ಗೆ ರೆಫರಿ ಬಂದು ಅಂಗಳ ಪರೀಕ್ಷಿಸುತ್ತಾರೆ, ಚೆಂಡು ಪುಟಿಯದಿದ್ದರೆ ಅಥವಾ ಗೋಲಿನ ಮುಂದೆ ನೆಲ ಹೆಪ್ಪುಗಟ್ಟಿದ್ದರೆ ಪಂದ್ಯ ರದ್ದು. ರೈಲು ಹತ್ತುವ ಮುಂಚೆ ಕ್ಲಬ್ಬಿನ ಎಕ್ಸ್ ಖಾತೆ ನೋಡಿ. ಕಪ್ ಟೂರ್ನಿಯಲ್ಲಿ ತಂಡ ಮುಂದೆ ಹೋದರೆ ಶನಿವಾರದ ಲೀಗ್ ಪಂದ್ಯ ಮಂಗಳವಾರ ರಾತ್ರಿಗೆ ಜಿಗಿದಿರುತ್ತದೆ. ಕ್ಲಬ್ಬಿನ ಹೆಸರಿನಲ್ಲಿರುವ ಊರಿಗೇ ಹೋಗಿ ಇಳಿಯುವುದೂ ಅಪಾಯ. 1857ರ ಶೆಫೀಲ್ಡ್ ಎಫ್‌ಸಿ ಜಗತ್ತಿನ ಅತಿ ಹಳೆಯ ಕ್ಲಬ್ಬು, ಆದರೆ 2001ರಲ್ಲಿ ಅದು ಗ್ರೌಂಡು ಮಾಡಿಕೊಂಡದ್ದು ಪಕ್ಕದ ಡ್ರಾನ್‌ಫೀಲ್ಡ್‌ನಲ್ಲಿ. ರದ್ದಾಗುವ ಕಾಟ ಬೇಡವೆಂದರೆ ಕೃತಕ ಹುಲ್ಲಿನ ಗ್ರೌಂಡು ಹುಡುಕಿ, ವಾರವಿಡೀ ಬಾಡಿಗೆಗೆ ಕೊಟ್ಟು ಕ್ಲಬ್ಬು ಬದುಕುವುದೂ ಅದರಿಂದಲೇ. ವಿಪರ್ಯಾಸವೆಂದರೆ ನಾಲ್ಕನೇ ಹಂತದಲ್ಲಿ ಕೃತಕ ಹುಲ್ಲಿಗೆ ಅನುಮತಿಯಿಲ್ಲ. 2021ರಲ್ಲಿ ಬಡ್ತಿ ಪಡೆದ ಸಟನ್ ಯುನೈಟೆಡ್ ತನ್ನ ಆದಾಯದ ಹಾಸನ್ನು ತಾನೇ ಕಿತ್ತುಹಾಕಬೇಕಾಯಿತು.

ಬೆಂಗಳೂರಿಗೆ ಹೋಲಿಸಿದರೆ ಆಟದ ಹುಚ್ಚಿನಲ್ಲಿ ನಾವೇನೂ ಕಡಿಮೆಯಿಲ್ಲ. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ, ಆಸ್ಟಿನ್ ಟೌನಿನ ಹುಡುಗರು ದೇಶಕ್ಕೆ ಆಡಿದ್ದಾರೆ. ಕೊರತೆ ಇರುವುದು ಬೇರೆ ಕಡೆ. ಬೆಂಗಳೂರಿನ ಮೇಲ್ಮಟ್ಟದ ಲೀಗಾದ ನಮ್ಮ ಸೂಪರ್ ಡಿವಿಷನ್ನಿನ ಬಹುಪಾಲು ಪಂದ್ಯಗಳು ಅಶೋಕನಗರದ ಒಂದೇ ಸ್ಟೇಡಿಯಮ್ಮಿನಲ್ಲಿ ನಡೆಯುತ್ತವೆ. ಎಂಇಜಿ, ಎಎಸ್‌ಸಿ, ಐಟಿಐ, ಎಚ್‌ಎಎಲ್ ಎಂದು ತಲೆಮಾರುಗಳ ಕಾಲ ಒಳ್ಳೆಯ ಆಟಗಾರರಿಗೆ ಸಂಬಳ ಕೊಟ್ಟು ಸಾಕಿದ್ದು ಸೇನೆ ಮತ್ತು ಕಾರ್ಖಾನೆಗಳು. ಅದು ಸಣ್ಣ ಉಪಕಾರವಲ್ಲ. ಆದರೆ ಇಲಾಖೆಯ ತಂಡಕ್ಕೆ ಬೀದಿಯಿರುವುದಿಲ್ಲ, ಗೋಲಿನ ಹಿಂದೆ ನಿಲ್ಲುವ ಅಜ್ಜ ಇರುವುದಿಲ್ಲ. ಎಲ್ಲರೂ ಒಂದೇ ಅಂಗಳದಲ್ಲಿ ಆಡಿದರೆ ಯಾರಿಗೂ ತವರು ನೆಲವಿಲ್ಲ. ಡಲ್ವಿಚ್‌ನವರಿಗೆ 2018ರಲ್ಲಿ ಜಾಗದ ಜಗಳದಿಂದ ತಿಂಗಳುಗಟ್ಟಲೆ ಬೇರೆ ಕ್ಲಬ್ಬಿನ ಗ್ರೌಂಡಿನಲ್ಲಿ ಆಡಬೇಕಾಗಿ ಬಂದಾಗ ಆ ಸುತ್ತಿನ ಜನ ಬೀದಿಗಿಳಿದರು. ತಮ್ಮದು ಅನ್ನುವ ನೆಲವಿದ್ದುದಕ್ಕೆ ಇಳಿದರು.

ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ್ದು ಫುಟ್‌ಬಾಲಿನಲ್ಲಲ್ಲ, ಕೊಡಗಿನ ಹಾಕಿಯಲ್ಲಿದೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಶುರುಮಾಡಿದ ಕೊಡವ ಕುಟುಂಬಗಳ ಹಬ್ಬದಲ್ಲಿ ವರ್ಷಕ್ಕೊಂದು ಒಕ್ಕ, ಅಂದರೆ ಮನೆತನ, ಹೊಣೆ ಹೊರುತ್ತದೆ, ತಂಡಗಳ ಸಂಖ್ಯೆ 300 ದಾಟಿದೆ. ಅಂಗಿಯ ಮೇಲೆ ಮನೆತನದ ಹೆಸರು. ಅಲ್ಲಿ ಪ್ರೇಕ್ಷಕರನ್ನು ಕರೆತರಲು ಯಾರೂ ಪ್ರಚಾರ ಮಾಡಬೇಕಿಲ್ಲ. ಬೇಸಿಗೆಯ ಕೆಲವೇ ವಾರಗಳಿಗೆ ಅದು ಮುಗಿಯುತ್ತದೆ ಎಂಬುದಷ್ಟೇ ವ್ಯತ್ಯಾಸ. ಅದನ್ನು ಶನಿವಾರ ಬಿಟ್ಟು ಶನಿವಾರ ನಡೆಸಲು ಆಸ್ಟಿನ್ ಟೌನಿಗೆ ಬೇಕಾದದ್ದು ದೊಡ್ಡ ಸ್ಟೇಡಿಯಂ ಅಲ್ಲ: ಸುತ್ತ ಒಂದು ಕಂಬಿ, 30 ರೂಪಾಯಿಯ ಗೇಟು, ಟೀ-ಬನ್ನಿನ ಗೂಡು, ಹತ್ತು ತಿಂಗಳು ಮುಂಚೆಯೇ ಅಚ್ಚಾದ ವೇಳಾಪಟ್ಟಿ. ಕೊನೆಯದನ್ನು ಹೊಂದಿಸುವುದೇ ಕಷ್ಟ.