ದೋಣಿಗೆ ಎಷ್ಟು ಹಲ್ಲು?

ನಮ್ಮ ಹಿತ್ತಲಿನ ಹಳೆಯ ದೋಣಿ ಯಾವ ಇಸವಿಯದು? "ಅರವತ್ತೆಂಟರದ್ದು" ಎಂದು ಪಕ್ಕದ ಮನೆಯವರು ಬೇಲಿಯಾಚೆಯಿಂದಲೇ ತೀರ್ಪು ಕೊಟ್ಟರು. ಕೈಯಲ್ಲಿದ್ದ ಕಾಫಿ ಲೋಟವನ್ನೂ ಕೆಳಗಿಡಲಿಲ್ಲ. ಹುಲ್ಲು ಕತ್ತರಿಸಲು ಬಂದ ಹುಡುಗ "ಎಪ್ಪತ್ತೈದು ದಾಟಿರಬೇಕು" ಎಂದ. ಅಂಚೆಯಾಕೆ ತನ್ನ ಅಜ್ಜನ ಬಳಿ ಥೇಟ್ ಇಂಥದೇ ಇತ್ತೆಂದಳು. ಅಜ್ಜ ಅದನ್ನು ಕೊಂಡದ್ದು ಮದುವೆಯಾದ ವರ್ಷವಂತೆ. ಆ ಪುಣ್ಯಾತ್ಮನ ಮದುವೆ ಯಾವಾಗಾಯಿತೆಂದು ಹೇಳದೆಯೇ ಹೋದಳು. ನಾವಿರುವ ಅಮೆರಿಕದ ಮಿನೆಸೋಟ ರಾಜ್ಯದವರು ಕಾರಿನ ನಂಬರ್ ಪ್ಲೇಟಿನ ಮೇಲೆಯೇ "ಹತ್ತು ಸಾವಿರ ಕೆರೆಗಳು" ಎಂದು ಬರೆಸಿಕೊಂಡ ಜನ. ದೋಣಿಯ ವಿಷಯದಲ್ಲಿ ಇಲ್ಲಿ ಎಲ್ಲರೂ ಪಂಡಿತರೇ. ಇರಲಿ ಬಿಡಿ. ಆದರೆ ಇಷ್ಟು ಪಂಡಿತರಲ್ಲಿ ಒಬ್ಬರೂ ಬಗ್ಗಿ ನೋಡುವುದಿಲ್ಲವಲ್ಲ, ಅದಕ್ಕೇ ನನಗೆ ಪಿತ್ತ ನೆತ್ತಿಗೇರುವುದು.

ದೋಣಿ ನಾನು ಬಯಸಿ ಕೊಂಡದ್ದಲ್ಲ. ಮನೆ ಮಾರಿದವರು ಹಿತ್ತಲಲ್ಲಿ ಟಾರ್ಪಾಲು ಹೊದಿಸಿ ಬಿಟ್ಟುಹೋದದ್ದು. ಅದನ್ನು ನೀರಿಗಿಳಿಸಬೇಕಾದರೆ ನೋಂದಣಿಯಾಗಬೇಕು, ನೋಂದಣಿಯಾಗಬೇಕಾದರೆ ಫಾರಂ ತುಂಬಬೇಕು. ಫಾರಂನಲ್ಲಿ ಎರಡು ಖಾನೆಗಳು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದವು: ತಯಾರಿಸಿದವರು ಯಾರು, ಯಾವ ಇಸವಿ.

ಇದೇನು ಬ್ರಹ್ಮವಿದ್ಯೆಯಲ್ಲ. 1972ರ ನವೆಂಬರ್ 1ರಿಂದೀಚೆಗೆ ಅಮೆರಿಕದಲ್ಲಿ ತಯಾರಾದ ದೋಣಿಗೆಲ್ಲ ಅಕ್ಷರ, ಅಂಕಿ ಸೇರಿ 12ರ ಒಂದು ಗುರುತು ಸಂಖ್ಯೆ ಇರಲೇಬೇಕು. ದೋಣಿಯ ಹಿಂಬದಿಯಲ್ಲಿ, ಬಲಗಡೆ, ಮೇಲಂಚಿಗೆ ಹತ್ತಿರ. ಮೊದಲ ಮೂರು ಅಕ್ಷರ ಕಂಪನಿಯ ಜಾತಕ, ಕೊನೆಯ ಅಂಕಿಗಳು ವಯಸ್ಸು. ಬಲಗಡೆ ನೋಡಿದೆ. ನೀಲಿ ಬಣ್ಣ ಕಂಡಿತು. ಅದೂ ದೋಣಿಗೆ ಹಚ್ಚುವ ಬಣ್ಣವಲ್ಲ, ಮನೆಗೋಡೆಯ ಬಣ್ಣ. ಕುಂಚದ ಕೂದಲುಗಳು ಅದರಲ್ಲೇ ಅಂಟಿ ಒಣಗಿದ್ದವು. ಕೆರೆದರೆ ಕೆಳಗೆ ಉಪ್ಪುಕಾಗದದಲ್ಲಿ ಉಜ್ಜಿದ ನುಣುಪು. ಹಾಗಾದರೆ ಇದು 1972ಕ್ಕಿಂತ ಮೊದಲಿನದೋ, ಇಲ್ಲಾ ಆ ಮಹಾನುಭಾವ ಸಂಖ್ಯೆಯನ್ನೂ ಸೇರಿಸಿಯೇ ಉಜ್ಜಿಬಿಟ್ಟನೋ? ಎಷ್ಟು ಜನ ಕೂರಬಹುದೆಂದು ಬರೆದಿರುವ ತಗಡಿನ ಫಲಕವನ್ನಾದರೂ ನೋಡೋಣವೆಂದರೆ, ಚುಕ್ಕಾಣಿಯ ಪಕ್ಕ ಸ್ಕ್ರೂ ಕಿತ್ತ ತೂತುಗಳು ಮತ್ತು ನಡುವೆ ಬಿಸಿಲು ತಾಗದೆ ಬೆಳ್ಳಗುಳಿದ ಒಂದು ಚೌಕ. ಬಣ್ಣ ಹಚ್ಚುವ ಚಟದವರನ್ನು ಕಂಡರೆ ನನಗೆ ಅಂದಿನಿಂದ ಆಗುವುದಿಲ್ಲ.

ಆಕಾರ ನೋಡಿ ಹೇಳಬಹುದಲ್ಲ ಎನ್ನುವವರಿದ್ದಾರೆ. ಹಿಂಬದಿಯಲ್ಲಿ ರೆಕ್ಕೆಗಳು ಚಾಚಿದ್ದರೆ ಐವತ್ತರ ದಶಕದ ಕೊನೆಯದೆಂದು ನಾನೂ ಹೇಳುತ್ತಿದ್ದೆ. ಆಗ ಕಾರಿಗೂ ದೋಣಿಗೂ ರೆಕ್ಕೆ ಅಂಟಿಸುವ ಖಯಾಲಿ ಇತ್ತು. ನಮ್ಮದಕ್ಕೆ ರೆಕ್ಕೆಯಿಲ್ಲ, ಪುಕ್ಕವಿಲ್ಲ. ಇದೇ ರಾಜ್ಯದ ಲಿಟ್ಲ್ ಫಾಲ್ಸ್ ಊರಿನ ಲಾರ್ಸನ್ ದೋಣಿಗಳು ಹೆಸರುವಾಸಿಯಾದ್ದರಿಂದ ನಮ್ಮ ಬೀದಿಯವರಿಗೆ ಕಂಡ ದೋಣಿಯೆಲ್ಲ ಲಾರ್ಸನ್ನೇ. ಫೈಬರ್‌ಗ್ಲಾಸ್ ದೋಣಿಯ ಆಕಾರವನ್ನು ನಂಬಲೇಬಾರದು. ಒಬ್ಬರ ದೋಣಿಯನ್ನು ಬೋರಲು ಹಾಕಿ ಅದರ ಮೇಲೆಯೇ ಅಚ್ಚು ತೆಗೆದು, ಅದರಿಂದ ಇನ್ನೊಬ್ಬರು ತಮ್ಮ ಹೆಸರಿನ ದೋಣಿಗಳನ್ನು ಇಳಿಸುವುದು ಈ ಉದ್ಯಮದಲ್ಲಿ ನಡೆದುಕೊಂಡು ಬಂದದ್ದೇ. ಫ್ಲೋರಿಡಾ ಇದನ್ನು ತಡೆಯಲು ಕಾನೂನು ಮಾಡಿತು. ಬೊನಿಟೊ ಬೋಟ್ಸ್ ಎಂಬ ಕಂಪನಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1989ರಲ್ಲಿ ಆ ಕಾನೂನನ್ನೇ ಹೊಡೆದುಹಾಕಿತು. ಪೇಟೆಂಟ್ ಇಲ್ಲದ ಆಕಾರ ಊರಿಗೆಲ್ಲ ಸೇರಿದ್ದಂತೆ. 1998ರಲ್ಲಿ ಸಂಸತ್ತು ಬೇರೆ ಕಾನೂನು ತಂದಿತಾದರೂ ನಮ್ಮ ಹಿತ್ತಲಿನ ಪ್ರಾಣಿ ಅಷ್ಟರಲ್ಲಿ ಹುಟ್ಟಿ ಮುದಿಯಾಗಿತ್ತು.

ಈ ಹೊತ್ತಿಗೆ ಸರಿಯಾಗಿ ದೊಡ್ಡಬಳ್ಳಾಪುರದಿಂದ ಮಾವನವರು ಬಂದಿಳಿದರು. ದೋಣಿಗೊಂದು ಪ್ರದಕ್ಷಿಣೆ ಹಾಕಿ, ಬೆರಳಿನ ಗೆಣ್ಣಿನಿಂದ ಅಲ್ಲಲ್ಲಿ ಕುಟ್ಟಿ, "ಇದಕ್ಕೆ ಹಲ್ಲೆಲ್ಲಿ ನೋಡೋದು ಅಳಿಯಂದ್ರೆ?" ಎಂದರು.

ಮಾವನವರ ಪ್ರಕಾರ ವಯಸ್ಸು ಹೇಳುವ ವಿದ್ಯೆ ಜಗತ್ತಿನಲ್ಲಿ ಒಂದೇ, ಅದು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಕಲಿಯುವಂಥದು. ದನಕ್ಕೆ ಮುಂದಿನ ಹಲ್ಲು ಕೆಳದವಡೆಯಲ್ಲಿ ಮಾತ್ರ. ಹಾಲುಹಲ್ಲು ಬಿದ್ದು ಎರಡು ಹಲ್ಲು ಬಂದರೆ ಎರಡೂವರೆ ವರ್ಷದ ಆಸುಪಾಸು. ಆಮೇಲೆ ನಾಲ್ಕು, ಆರು. ಎಂಟೂ ಬಂದರೆ ಬಾಯಿಗೂಡಿತು ಎನ್ನುತ್ತಾರೆ, ಅಲ್ಲಿಂದ ಮುಂದೆ ಸವೆತ ನೋಡಿಯೇ ಅಂದಾಜು. ಅವರ ತಂದೆ ಒಮ್ಮೆ ಒಂದು ಜೊತೆ ಹಳ್ಳಿಕಾರ್ ಎತ್ತುಗಳನ್ನು ನೋಡಲು ಹೋದರಂತೆ. ಕೊಂಬು ಹೆರೆದು, ಎಣ್ಣೆ ಹಚ್ಚಿ, ಮಿರಮಿರ ಮಿಂಚಿಸಿ ನಿಲ್ಲಿಸಿದ್ದರು. ಕೊಂಬು ಹೆರೆದರೆಂದರೇ ಏನೋ ಮುಚ್ಚಿಟ್ಟಿದ್ದಾರೆಂದು ಲೆಕ್ಕ (ಇಲ್ಲಿ ಮಾವನವರು ನೀಲಿ ಬಣ್ಣದ ಕಡೆ ಅರ್ಥಗರ್ಭಿತವಾಗಿ ನೋಡಿದರು). ದಲ್ಲಾಳಿ ಟವೆಲಿನ ಕೆಳಗೆ ಕೈ ಹಿಡಿದು, ಬೆರಳು ಅದುಮಿ ಬೆಲೆ ಹೇಳುತ್ತ, "ನಾಲ್ಕೇ ಹಲ್ಲು ಸ್ವಾಮಿ, ನಿನ್ನೆ ಮೊನ್ನೆಯ ಹೋರಿಗಳು" ಎಂದನಂತೆ. ತಂದೆಯವರು ಇನ್ನೊಂದು ಕೈಯಲ್ಲಿ ಎತ್ತಿನ ತುಟಿ ಎತ್ತಿ ನೋಡಿದರೆ ಎಂಟೂ ಹಲ್ಲು ಸವೆದು ಕುಳಿತಿವೆ. ದಲ್ಲಾಳಿ ಎಳ್ಳಷ್ಟೂ ಅಳುಕಲಿಲ್ಲ. "ನಮ್ಮೂರ ನೀರಿನ ಗುಣ ಹಾಗೆ, ಹಲ್ಲು ಬೇಗ ಬರ್ತವೆ" ಎಂದ. ಜಗಳವಾಯಿತು, ಜನ ಸೇರಿದರು, ಕಾಫಿ ತರಿಸಿದರು, ಬೆಲೆ ಇಳಿಯಿತು, ತಂದೆಯವರು ಅದೇ ಜೊತೆಯನ್ನು ಹೊಡೆದುಕೊಂಡು ಬಂದರು. ಒಂದು ಎತ್ತು ಬೇಗನೆ ಸತ್ತಿತು. ಇನ್ನೊಂದು ಮಾವನವರ ಹೈಸ್ಕೂಲು ಮುಗಿಯುವವರೆಗೂ ಉತ್ತಿತು.

ಇದರಿಂದ ತಿಳಿಯುವುದೇನು ಎಂದು ಕೇಳಿದೆ. "ಏನಿಲ್ಲ, ನಡೆದದ್ದು ಹೇಳಿದೆ" ಎಂದರು.

ದೋಣಿಗೆ ಹಲ್ಲಿಲ್ಲದಿದ್ದರೂ ಅದಕ್ಕೆ ತಗುಲಿಸಿದ್ದ ಜಾನ್ಸನ್ ಮೋಟಾರಿಗೆ ಗುಟ್ಟಿನ ಲಿಪಿಯಿತ್ತು. 1980ರಿಂದ ಹಲವು ವರ್ಷ ಆ ಕಂಪನಿಯವರು ಇಸವಿಯನ್ನು "ಇಂಟ್ರೊಡ್ಯೂಸಸ್" ಎಂಬ ಇಂಗ್ಲಿಷ್ ಪದದ ಹತ್ತು ಅಕ್ಷರಗಳಲ್ಲಿ ಅಡಗಿಸಿಟ್ಟಿದ್ದಾರೆ. ಐ ಎಂದರೆ ಒಂದು, ಎನ್ ಎಂದರೆ ಎರಡು, ಹೀಗೆ ಕೊನೆಯ ಎಸ್ ಎಂದರೆ ಸೊನ್ನೆ. ನಮ್ಮದರ ಮೇಲೆ ಸಿ, ಓ. ಎಂಟು, ಐದು. 1985! ಕುಣಿದಾಡಿದೆ. ಹೆಂಡತಿ ಕಿಟಕಿಯಿಂದಲೇ, "ಮೋಟಾರು ಬದಲಾಯಿಸಿರಬಹುದಲ್ಲ" ಎಂದು ಅಷ್ಟಕ್ಕೂ ನೀರೆರಚಿದಳು. ಮೋಟಾರನ್ನು ಬದಲಾಯಿಸದೆ ಹಳೆಯ ದೋಣಿ ಓಡಿಸಿದವರೇ ಅಪರೂಪ ಎಂಬುದು ನನಗೂ ಗೊತ್ತಿತ್ತು. ಆ ಕ್ಷಣಕ್ಕೆ ಅವಳು ಹೇಳಬೇಕಿರಲಿಲ್ಲ.

ಅಷ್ಟರಲ್ಲಿ ಮಾವನವರು ಟ್ರೇಲರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಮೂಕಿಯನ್ನು ಒರೆಸುತ್ತಿದ್ದರು. ಅಲ್ಲೊಂದು ತಗಡು. ಕಂಪನಿ, ಊರು, ತಿಂಗಳು, ಇಸವಿ ಎಲ್ಲವೂ ಮುತ್ತು ಪೋಣಿಸಿದ ಹಾಗೆ. 1991. ನಮಗೆ ಬೇಡದ ಮಾಹಿತಿಯೆಲ್ಲ ಅಲ್ಲಿತ್ತು.

"ದೋಣಿ ಇಳಿಸಿ ಗಾಡಿ ಇಟ್ಕೊಳ್ಳಿ ಅಳಿಯಂದ್ರೆ" ಎಂದರು ಮಾವನವರು, ಗೇಣು ಹಾಕಿ ಅಳೆಯುತ್ತ. "ಚಕ್ರ ಗಟ್ಟಿಯಾಗವೆ. ಎತ್ತು ಕಟ್ಟಕ್ಕೆ ಮಾತ್ರ ಮೂಕಿ ಗಿಡ್ಡ ಆಯ್ತು."